ಗೂಡು ಹೊತ್ತ ಹುಳಕ್ಕೆ ಗರಿಯ ವೇಷ: ಕೇಸ್ಡ್ ಕ್ಯಾಡಿಸ್ ಫ್ಲೈ ಕಟ್ಟುವುದು ಹೇಗೆ?

ಫೋನಿನ ಪರದೆ ಮೇಲೆ ಬೆರಳಾಡಿಸುವಾಗ ಇಂಥ ವಿಡಿಯೊ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ವೈಸ್ ಎಂಬ ಪುಟ್ಟ ಹಿಡಿಕೆಯಂತ್ರದ ಬಾಯಲ್ಲಿ ಒಂದು ಮೀನಿನ ಗಾಳ. ಯಾರದೋ ಎರಡು ಕೈ ಅದರ ಸುತ್ತ ಕೋಳಿಗರಿ ಸುತ್ತುತ್ತವೆ. ಸುತ್ತಿ ಮುಗಿಯುವ ಹೊತ್ತಿಗೆ ಗಾಳ ಬಾಟಲಿ ತೊಳೆಯುವ ಬ್ರಷ್ಷಿನಂತೆ ಮೈಯೆಲ್ಲ ಕೆದರಿಕೊಂಡು ನಿಂತಿರುತ್ತದೆ. ಚೆನ್ನಾಗಿದೆಯಲ್ಲ ಅಂದುಕೊಳ್ಳುವಷ್ಟರಲ್ಲಿ ಅದೇ ಕೈ ಕತ್ತರಿ ತೆಗೆದು ಅಷ್ಟನ್ನೂ ಬೋಳಿಸಿಬಿಡುತ್ತದೆ! ಕೊನೆಗೆ ಉಳಿಯುವುದು ಒಣಕಡ್ಡಿಯ ಚೂರಿನಂಥ ಕಂದು ತುಂಡು, ಅದರ ತುದಿಯಲ್ಲಿ ಒಂದಿಷ್ಟು ಬಿಳುಪು, ಒಂದು ಕರಿತಲೆ.

ಬೋಳಿಸುವುದಕ್ಕೆ ಇಷ್ಟೆಲ್ಲ ಸುತ್ತಬೇಕಿತ್ತೇ? ಬೇಕಿತ್ತು. ಆ ಕಂದು ತುಂಡು ಒಂದು ಹುಳದ ಮನೆ. ಹುಳಕ್ಕಿಂತ ಮನೆಯನ್ನು ಅನುಕರಿಸುವುದೇ ಇಲ್ಲಿನ ಕಸುಬು.

‘ಫ್ಲೈ’ ಅಂದರೆ ನೊಣವೇ?

ಹೆಸರಿನಿಂದಲೇ ಶುರು ಮಾಡೋಣ. ಗಾಳಕ್ಕೆ ಎರೆಹುಳವನ್ನೋ ಹಿಟ್ಟಿನ ಉಂಡೆಯನ್ನೋ ಚುಚ್ಚಿ ನೀರಿಗೆ ಬಿಡುವುದು ಎಲ್ಲರೂ ಬಲ್ಲ ವಿಧಾನ. ಫ್ಲೈ ಫಿಶಿಂಗ್‌ನಲ್ಲಿ ತಿನ್ನುವಂಥದ್ದು ಏನೂ ಇರುವುದಿಲ್ಲ. ಗರಿ, ಕೂದಲು, ದಾರಗಳನ್ನು ಗಾಳಕ್ಕೆ ಕಟ್ಟಿ, ಮೀನು ತಿನ್ನುವ ಯಾವುದೋ ಜೀವಿಯ ರೂಪ ಕೊಡುತ್ತಾರೆ. ಹೀಗೆ ಕಟ್ಟಿದ ಹುಸಿ ಜೀವಿಗೆಲ್ಲ ಒಟ್ಟಾಗಿ ಇರುವ ಹೆಸರು ‘ಫ್ಲೈ’. ಅದು ನೊಣದಂತಿರಬಹುದು, ಪುಟ್ಟ ಮೀನಿನಂತಿರಬಹುದು, ನೀರಡಿಯ ಹುಳದಂತಿರಬಹುದು.

ಇಂಥ ಫ್ಲೈ ತೂಗುವುದು ಗ್ರಾಂನ ಒಂದು ಪಾಲು ಮಾತ್ರ. ಹತ್ತಿಯ ಉಂಡೆಯನ್ನು ಬೀಸಿ ಒಗೆದರೆ ಎಷ್ಟು ದೂರ ಹೋದೀತು? ಅದಕ್ಕೇ ಇಲ್ಲಿ ದಾರವನ್ನೇ ದಪ್ಪ ಮಾಡಿರುತ್ತಾರೆ. ಚಾವಟಿ ಬೀಸಿದಂತೆ ಕೋಲು ಬೀಸಿದಾಗ ದಾರ ತನ್ನ ತೂಕದಿಂದ ಮುಂದಕ್ಕೆ ಉರುಳಿ ಬಿಚ್ಚಿಕೊಳ್ಳುತ್ತದೆ. ಫ್ಲೈ ಅದರ ತುದಿಯಲ್ಲಿ ಸುಮ್ಮನೆ ಹಿಂಬಾಲಿಸುತ್ತದೆ. ಇದರ ಮುಖ್ಯ ಗಿರಾಕಿ ಟ್ರೌಟ್, ಅಂದರೆ ತಣ್ಣನೆಯ, ತಿಳಿಯಾದ, ಹರಿಯುವ ನೀರಿನ ಮೀನು.

ನೀರಿನ ಮೇಲೆ ತೇಲುವ ಫ್ಲೈಗೆ ಡ್ರೈ ಫ್ಲೈ ಎನ್ನುತ್ತಾರೆ. ಮುಳುಗುವ, ಕೀಟದ ಎಳೆಯ ಅವಸ್ಥೆಯನ್ನು ಹೋಲುವ ಫ್ಲೈ ನಿಂಫ್. ನಮ್ಮ ಕೇಸ್ಡ್ ಕ್ಯಾಡಿಸ್, ಅಂದರೆ ಗೂಡು ಹೊತ್ತ ಕ್ಯಾಡಿಸ್, ಎರಡನೆಯ ಗುಂಪಿನದು, ಅದರಲ್ಲೂ ತಳ ಮುಟ್ಟಬೇಕಾದ ಜಾತಿ.

ಮನೆ ಹೊತ್ತು ತಿರುಗುವ ಹುಳ

ಕ್ಯಾಡಿಸ್ ಒಂದು ಕೀಟ. ದೊಡ್ಡದಾದ ಮೇಲೆ ನೋಡಿದರೆ ಮಂಕು ಬಣ್ಣದ ಪತಂಗ ಎಂದೇ ಅನ್ನಿಸುತ್ತದೆ. ಕೂತಾಗ ರೆಕ್ಕೆಗಳನ್ನು ಮನೆಯ ಮಾಡಿನಂತೆ ಇಳಿಜಾರಾಗಿ ಮಡಚಿಕೊಳ್ಳುತ್ತದೆ. ಪತಂಗದ ರೆಕ್ಕೆಯಲ್ಲಿ ಬೆರಳಿಗೆ ಅಂಟುವ ಪುಡಿ ಇರುತ್ತದೆ, ಇದರ ರೆಕ್ಕೆಯಲ್ಲಿ ಸಣ್ಣ ಕೂದಲಿರುತ್ತವೆ. ವಿಜ್ಞಾನಿಗಳು ಈ ಗುಂಪಿಗೆ ಇಟ್ಟ ಟ್ರೈಕಾಪ್ಟೆರಾ ಎಂಬ ಗ್ರೀಕ್ ಹೆಸರಿನ ಅರ್ಥವೂ ‘ಕೂದಲ ರೆಕ್ಕೆ’ ಎಂದೇ. ಇದುವರೆಗೆ ಗುರುತಿಸಿದ ಪ್ರಭೇದಗಳು 16,000ಕ್ಕೂ ಹೆಚ್ಚು. ಅಂಟಾರ್ಕ್ಟಿಕ ಬಿಟ್ಟು ಎಲ್ಲ ಖಂಡಗಳಲ್ಲೂ ಇವು ಸಿಗುತ್ತವೆ.

ರೆಕ್ಕೆ ಬಂದ ಮೇಲಿನ ಬದುಕು ಕೆಲವೇ ದಿನ ಅಥವಾ ವಾರಗಳದ್ದು. ಅದಕ್ಕೂ ಮೊದಲು ಹುಳವಾಗಿ ತಿಂಗಳುಗಟ್ಟಲೆ ನೀರಿನಡಿಯಲ್ಲಿ ಕಳೆದಿರುತ್ತದೆ. ಹುಳದ ಹೊಟ್ಟೆ ಭಾಗ ಮೆತ್ತಗೆ, ಬಿಳಿಚು. ಸಿಕ್ಕವರಿಗೆ ಒಂದೇ ತುತ್ತು. ಆದ್ದರಿಂದ ಹಲವು ಪ್ರಭೇದಗಳ ಹುಳಗಳು ಮೈಸುತ್ತ ಕೊಳವೆಯಂಥ ಗೂಡು ಕಟ್ಟಿಕೊಂಡು, ಹೋದಲ್ಲೆಲ್ಲ ಅದನ್ನು ಎಳೆದುಕೊಂಡು ತಿರುಗುತ್ತವೆ. ಕೆಲವು ಮರಳುಕಣ ಜೋಡಿಸಿ ಕಟ್ಟುತ್ತವೆ, ಕೆಲವು ಕಡ್ಡಿ ಚೂರು, ಎಲೆ ತುಣುಕು, ಪುಟಾಣಿ ಬಸವನಹುಳದ ಚಿಪ್ಪು ಹೀಗೆ ಕೈಗೆ ಸಿಕ್ಕಿದ್ದನ್ನು ಬಳಸುತ್ತವೆ. ಗೂಡೇ ಕಟ್ಟದ, ಕಲ್ಲಿನ ಸಂದಿಯಲ್ಲಿ ಬಲೆ ನೇಯ್ದು ಕೂರುವ ಕ್ಯಾಡಿಸ್‌ಗಳೂ ಇವೆ. ಅವುಗಳ ಫ್ಲೈ ಬೇರೆ.

ಜೋಡಿಸಲು ಅಂಟು ಎಲ್ಲಿಂದ? ರೇಷ್ಮೆಯಿಂದ. ಕ್ಯಾಡಿಸ್ ಮತ್ತು ಪತಂಗ–ಚಿಟ್ಟೆಗಳು ಒಂದೇ ಮೂಲದಿಂದ ಕವಲೊಡೆದ ದಾಯಾದಿಗಳು. ರೇಷ್ಮೆಹುಳು ಬಾಯಿಯ ಬಳಿಯಿಂದ ಎಳೆ ತೆಗೆದು ಗೂಡು ಕಟ್ಟುವಂತೆಯೇ ಇದೂ ಎಳೆ ತೆಗೆಯುತ್ತದೆ, ಆದರೆ ನೀರಿನೊಳಗೆ. ಒದ್ದೆ ಕಲ್ಲಿಗೆ ನಾವು ಟೇಪು ಅಂಟಿಸಲು ಹೋದರೆ ಜಾರಿಬೀಳುತ್ತದೆ. ಈ ಹುಳದ ಎಳೆ ಒದ್ದೆಯಲ್ಲೇ ಹಿಡಿದು ಕೂರುತ್ತದೆ.

ಗೂಡಿನ ಆಕಾರವನ್ನು ಸ್ವಲ್ಪ ನಿಂತು ನೋಡಬೇಕು. ಅದು ಹಿಂದೆ ಸಪೂರ, ಮುಂದೆ ಅಗಲ. ಹುಳ ಬೆಳೆದಂತೆ ಬಾಯಿಯ ಕಡೆ ಹೊಸ ಸುತ್ತು ಸೇರಿಸುತ್ತ ಹೋಗುತ್ತದೆ, ಹಿಂಭಾಗ ಚಿಕ್ಕವನಿದ್ದಾಗ ಕಟ್ಟಿದ್ದು. ಎರಡೂ ತುದಿ ತೆರೆದಿರುತ್ತವೆ. ಹುಳ ಒಳಗೇ ಮೈ ಅಲುಗಿಸಿ ನೀರನ್ನು ಕೊಳವೆಯ ಮೂಲಕ ಹರಿಸಿಕೊಂಡು ಉಸಿರಾಡುತ್ತದೆ. ಬಾಲದ ತುದಿಯ ಎರಡು ಕೊಕ್ಕೆಗಳಿಂದ ಗೂಡನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ನಡೆಯಬೇಕೆಂದಾಗ ಕಪ್ಪು ತಲೆ, ಮೂರು ಜೊತೆ ಕಾಲು ಹೊರಬರುತ್ತವೆ. ಅವಸರವಿದ್ದರೆ ಅದರ ಹಿಂದಿನ ಬಿಳಿಚು ಮೈಯೂ ಒಂದಿಷ್ಟು ಇಣುಕುತ್ತದೆ.

ಟ್ರೌಟ್ ಗೂಡು ಬಿಡಿಸಿ ತಿನ್ನುವ ಗೋಜಿಗೆ ಹೋಗುವುದಿಲ್ಲ. ಕಲ್ಲು, ಕಡ್ಡಿ ಸಮೇತ ನುಂಗುತ್ತದೆ. ಹಿಡಿದ ಮೀನಿನ ಹೊಟ್ಟೆ ಸೀಳಿದರೆ ಮರಳು, ಕಡ್ಡಿಚೂರು ಸಿಗುವುದು ಇದರಿಂದಲೇ. ಅಂದರೆ ಮೀನಿನ ಕಣ್ಣಿಗೆ ‘ಊಟ’ ಎಂದು ಕಾಣುವುದು ಹುಳವಲ್ಲ, ಒರಟು ಕೊಳವೆ. ನಾವು ಕಟ್ಟಬೇಕಾದದ್ದೂ ಅದನ್ನೇ.

ಯಾವ ಬಣ್ಣದ ಕೊಳವೆ? ಹುಳಕ್ಕೆ ಅದರ ಹಟವೇನೂ ಇದ್ದಂತಿಲ್ಲ. ಯೂಬೇರ್ ದ್ಯುಪ್ರಾ ಎಂಬ ಫ್ರೆಂಚ್ ಕಲಾವಿದ 1980ರ ದಶಕದಿಂದ ಈ ಹುಳಗಳನ್ನು ತೊಟ್ಟಿಯಲ್ಲಿ ಸಾಕಿ, ಮರಳಿನ ಬದಲು ಚಿನ್ನದ ಚೂರು, ಮುತ್ತು, ಹರಳು ಕೊಟ್ಟು ನೋಡಿದರು. ಹುಳಗಳು ಅವನ್ನೇ ಜೋಡಿಸಿ ಒಡವೆಯಂಥ ಗೂಡು ಕಟ್ಟಿಕೊಂಡವು. ಫ್ಲೈ ಕಟ್ಟುವವರಿಗೆ ಇದರಲ್ಲಿ ಒಂದು ಸುಳಿವಿದೆ: ಹೊಳೆಯ ತಳ ಯಾವ ಬಣ್ಣವೋ ಗೂಡೂ ಆ ಬಣ್ಣ. ಕರಿಗಲ್ಲಿನ ಹೊಳೆಗೆ ಗಾಢ ಬೂದು, ಎಲೆ ಕೊಳೆತ ತಳಕ್ಕೆ ಕಂದು, ಹೊಯಿಗೆಯ ತಳಕ್ಕೆ ತಿಳಿಗಂದು.

ಗರಿಯೇ ಏಕೆ?

ಈಗ ಅಂಗಡಿಯಲ್ಲಿ ಸಿಗುವ ಕೃತಕ ನಾರು, ಪ್ಲಾಸ್ಟಿಕ್ ಕೊಳವೆ, ರಬ್ಬರ್ ಕಾಲುಗಳಿಂದಲೂ ಕ್ಯಾಡಿಸ್ ಕಟ್ಟುತ್ತಾರೆ. ನಿಜವಾದ ಮರಳನ್ನೇ ಅಂಟಿಸುವವರೂ ಇದ್ದಾರೆ. ಆದರೂ ಗರಿ ಹಳೆಯ ಸಾಮಗ್ರಿ, ಬಹಳ ಹಳೆಯದು. ಕ್ರಿ.ಶ. 200ರ ಆಸುಪಾಸಿನಲ್ಲಿ ರೋಮ್‌ನ ಈಲಿಯನ್ ಎಂಬ ಬರಹಗಾರ, ಮ್ಯಾಸಿಡೋನಿಯಾದ ಜನ ಗಾಳಕ್ಕೆ ಕೆಂಪು ಉಣ್ಣೆ ಸುತ್ತಿ, ಹುಂಜದ ಗಲ್ಲದಡಿಯ ಮೇಣದ ಬಣ್ಣದ ಎರಡು ಗರಿ ಕಟ್ಟಿ ಮೀನು ಹಿಡಿಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಹುಂಜ ಅಂದಿನಿಂದ ಇಂದಿನವರೆಗೆ ಈ ಕಸುಬಿನಲ್ಲಿ ಕೆಲಸ ಕಳೆದುಕೊಂಡಿಲ್ಲ.

ಕಾರಣ ಗರಿಯ ರಚನೆಯಲ್ಲಿದೆ. ಒಂದು ಗರಿಯನ್ನು ಬೆಳಕಿಗೆ ಹಿಡಿದು ನೋಡಿ. ನಡುವೆ ದಂಟು. ದಂಟಿನ ಎರಡೂ ಬದಿಗೆ ಸಾಲಾಗಿ ಎಳೆಗಳು. ಪ್ರತಿ ಎಳೆಗೂ ಅದರದೇ ಕಿರುಎಳೆಗಳು. ಹಾರುವ ಗರಿಯಲ್ಲಿ ಈ ಕಿರುಎಳೆಗಳಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿದ್ದು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ, ಚೀಲದ ಜಿಪ್ಪಿನ ಹಾಗೆ. ಗರಿ ಕೆದರಿದಾಗ ಬೆರಳಲ್ಲಿ ಸವರಿದರೆ ಮತ್ತೆ ಕೂಡಿಕೊಳ್ಳುವುದು ಈ ಜಿಪ್ಪಿನಿಂದಲೇ. ಉಷ್ಟ್ರಪಕ್ಷಿಯ ಗರಿಯಲ್ಲಿ ಜಿಪ್ಪಿಲ್ಲ. ಹಾಗಾಗಿ ಅದು ಎಂದಿಗೂ ಬಿಚ್ಚಿದ ಜಡೆಯಂತೆ ಮೆತ್ತಗೆ ಹಾರಾಡುತ್ತದೆ.

ಹುಂಜದ ಕೊರಳ ಗರಿಗೆ ಫ್ಲೈ ಕಟ್ಟುವವರು ಹ್ಯಾಕಲ್ ಎನ್ನುತ್ತಾರೆ. ಅದರ ಎಳೆ ಬಿರುಸು, ಕಿರುಎಳೆ ಕಡಿಮೆ, ನೀರು ಹೀರುವುದಿಲ್ಲ. ಹೇಂಟೆಯ ಗರಿ ಮೆದು, ಕಿರುಎಳೆ ದಟ್ಟ, ನೀರು ಕುಡಿದು ಮುಳುಗುತ್ತದೆ, ಮುಳುಗಿದ ಮೇಲೆ ಅಲುಗಾಡುತ್ತದೆ. ಒಂದೇ ಕೋಳಿಮನೆಯಲ್ಲಿ ಗೂಡಿಗೊಂದು ಗರಿ, ಕಾಲಿಗೊಂದು ಗರಿ ಸಿಕ್ಕಿದಂತಾಯಿತು.

ಅಗ್ಗದ ಗರಿಗೆ ಬಂದ ಕಾಲ

ಫ್ಲೈ ಕಟ್ಟುವವರ ಲೋಕದಲ್ಲಿ ಉತ್ತಮ ಗರಿ ಎಂದರೆ ಉದ್ದ, ಸಪೂರ, ಎಳೆಗಳೆಲ್ಲ ಒಂದೇ ಅಳತೆ, ಬುಡದಲ್ಲಿ ತುಪ್ಪುಳವಿಲ್ಲದ ಗರಿ. ಅದಕ್ಕೆಂದೇ ತಲೆಮಾರುಗಳಿಂದ ಆಯ್ದು ಬೆಳೆಸಿದ ಹುಂಜದ ತಳಿಗಳಿವೆ. ನೀರಿನ ಮೇಲೆ ತುದಿಗಾಲಲ್ಲಿ ನಿಲ್ಲಬೇಕಾದ ಡ್ರೈ ಫ್ಲೈಗೆ ಅಂಥದ್ದೇ ಬೇಕು.

ನಮ್ಮ ಗೂಡಿಗೆ ಅದು ಬೇಡವೇ ಬೇಡ. ಇಲ್ಲಿಗೆ ಬೇಕಾದದ್ದು ಅಗಲದ, ದಟ್ಟ ಎಳೆಯ, ಯಾರೂ ಎತ್ತಿಕೊಳ್ಳದೆ ತಟ್ಟೆಯ ತಳದಲ್ಲಿ ಉಳಿದ ಗರಿ. ಎಳೆಯ ತುದಿಯನ್ನು ಹೇಗೂ ಕತ್ತರಿಸಿ ಎಸೆಯುತ್ತೇವಲ್ಲ? ಉಳಿಯುವುದು ಬುಡದ ಮೋಟು, ಭತ್ತ ಕೊಯ್ದ ಗದ್ದೆಯ ಕೂಳೆಯಂತೆ. ಎಳೆ ಬುಡದಲ್ಲೇ ದಪ್ಪ, ಬುಡದಲ್ಲೇ ಗಟ್ಟಿ. ಆ ಕೂಳೆಯೇ ಗೂಡಿನ ಒರಟುತನ. ಬೆಲೆಬಾಳುವ ಗರಿ ತಂದು ಇದಕ್ಕೆ ಸುತ್ತುವುದು ಜರಿ ಅಂಚಿನ ಬಟ್ಟೆಯಲ್ಲಿ ನೆಲ ಒರೆಸಿದ ಹಾಗೆ.

ಬಣ್ಣಕ್ಕೆ ಎರಡು ಅಥವಾ ಮೂರು ಬಗೆಯ ಗರಿ ಬೆರೆಸಬೇಕು: ಒಂದು ಕಂದು, ಒಂದು ಕಪ್ಪು-ಬಿಳಿ ಪಟ್ಟೆಯದು, ಸಿಕ್ಕರೆ ಒಂದು ಬೂದು. ಪಟ್ಟೆ ಗರಿಗೆ ಗ್ರಿಜ್ಲಿ ಎಂಬ ಹೆಸರಿದೆ. ಒಂದೇ ಬಣ್ಣದಲ್ಲಿ ಸುತ್ತಿದರೆ ಕತ್ತರಿಸಿದ ಮೇಲೆ ಅದು ಪೆನ್ಸಿಲ್ ತುಂಡಿನಂತೆ ಕಾಣುತ್ತದೆ. ಬೆರೆಸಿದಾಗ ಪ್ರತಿ ಮೋಟೂ ಬೇರೆ ಬೇರೆ ಬಣ್ಣದ ಚುಕ್ಕೆಯಾಗಿ, ಮರಳುಕಣಗಳ ಜೋಡಣೆಯ ಭಾಸವಾಗುತ್ತದೆ.

ಅಪರೂಪದ ಗರಿಯ ಹುಚ್ಚು ಎಲ್ಲಿಗೆ ಮುಟ್ಟಬಹುದು ಎನ್ನುವುದಕ್ಕೂ ಇಲ್ಲೊಂದು ಕಥೆಯಿದೆ. 2009ರ ಜೂನ್‌ನಲ್ಲಿ, ಸಂಗೀತ ಶಾಲೆಯಲ್ಲಿ ಕೊಳಲು ಕಲಿಯುತ್ತಿದ್ದ ತರುಣನೊಬ್ಬ ಇಂಗ್ಲೆಂಡಿನ ಟ್ರಿಂಗ್ ಪಟ್ಟಣದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ರಾತ್ರಿ ನುಗ್ಗಿ 299 ಪಕ್ಷಿಗಳ ಒಣಚರ್ಮ ಕದ್ದ. ಜೀವವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 19ನೇ ಶತಮಾನದಲ್ಲಿ ಸಂಗ್ರಹಿಸಿದ್ದ ಮಾದರಿಗಳೂ ಅದರಲ್ಲಿದ್ದವು. ವಿಕ್ಟೋರಿಯಾ ರಾಣಿಯ ಕಾಲದ, ಸಾಲ್ಮನ್ ಮೀನು ಹಿಡಿಯುವ ಫ್ಲೈಗಳನ್ನು ಮೂಲದಂತೆಯೇ ಕಟ್ಟುವವರಿಗೆ ಆ ಗರಿಗಳ ಮೇಲೆ ಅಷ್ಟು ಆಸೆ. ಕೇಸ್ಡ್ ಕ್ಯಾಡಿಸ್‌ಗೆ ಅಂಥ ಯಾವ ಹಕ್ಕಿಯೂ ಸಾಯಬೇಕಿಲ್ಲ, ಯಾವ ಕಿಟಕಿಯೂ ಒಡೆಯಬೇಕಿಲ್ಲ. ಸಾಕಿದ ಕೋಳಿಯ ಗರಿ ಸಾಕು. ಕಾಡುಹಕ್ಕಿಯ ಗರಿ ಬಿದ್ದು ಸಿಕ್ಕಿದರೂ ಇಟ್ಟುಕೊಳ್ಳಲು ಹಲವು ದೇಶಗಳ ಕಾನೂನು ಬಿಡುವುದಿಲ್ಲ ಎಂಬುದು ನೆನಪಿರಲಿ.

ಕೋಳಿಮನೆಯಿಂದ ನೇರ ತಂದ ಗರಿಯನ್ನು ಸೋಪಿನ ನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬಿಗಿಯಾದ ಚೀಲದಲ್ಲಿಟ್ಟು ಕೆಲವು ದಿನ ಫ್ರೀಜರ್‌ಗೆ ಹಾಕಬೇಕು. ಇಲ್ಲದಿದ್ದರೆ ನುಸಿ, ಹುಳು ಇದೊಂದು ಗರಿಯ ಜೊತೆಗೆ ಪೆಟ್ಟಿಗೆಯಲ್ಲಿರುವ ಎಲ್ಲ ಗರಿಯನ್ನೂ ತಿಂದು ಪುಡಿ ಮಾಡುತ್ತವೆ.

ಮೇಜಿನ ಮೇಲೆ

ಹೆಚ್ಚೇನೂ ಬೇಡ. ಗಾಳ ಹಿಡಿಯಲು ಒಂದು ಪುಟ್ಟ ವೈಸ್. ದಾರದ ಉರುಳೆ ಹಿಡಿದು, ಅದನ್ನು ತೂಗುಬಿಡಲು ಬಾಬಿನ್ ಹೋಲ್ಡರ್. ಕೈ ಬಿಟ್ಟರೂ ಅದರ ಭಾರಕ್ಕೆ ದಾರ ಬಿಗಿಯಾಗಿಯೇ ನಿಲ್ಲುತ್ತದೆ. ಗರಿಯ ತುದಿ ಕಚ್ಚಿ ಹಿಡಿಯುವ ಸಣ್ಣ ಚಿಮಟ. ಚೂಪು ಮೂತಿಯ ಕತ್ತರಿ, ತುದಿ ಬಾಗಿದ್ದರೆ ಇನ್ನೂ ಒಳ್ಳೆಯದು. ಒಂದು ದಪ್ಪ ಸೂಜಿ. ಗಂಟಿಗೆ ಹಚ್ಚಲು ವಾರ್ನಿಶ್. ಬಣ್ಣವಿಲ್ಲದ ನೇಲ್ ಪಾಲಿಶ್ ಆದರೂ ನಡೆಯುತ್ತದೆ.

ಗಾಳದ ಭಾಗಗಳ ಹೆಸರು ತಿಳಿದಿದ್ದರೆ ಮುಂದಿನದು ಸುಲಭ. ದಾರ ಪೋಣಿಸುವ ತೂತು ಕಣ್ಣು, ಸೂಜಿಗೆ ಇರುವಂತೆಯೇ. ಕಣ್ಣಿನಿಂದ ನೇರ ಹೋಗುವುದು ದಂಡ. ತಿರುಗುವುದು ಬಾಗು. ಕೊನೆಗೆ ಮೊನೆ, ಮೊನೆಯ ಹಿಂದೆ ಮುಳ್ಳು. ನಮಗೆ ಬೇಕಾದದ್ದು ಉದ್ದ ದಂಡದ ನಿಂಫ್ ಗಾಳ, ಅಳತೆ 10 ಅಥವಾ 12. ಇಲ್ಲಿ ಅಂಕಿ ದೊಡ್ಡದಾದಷ್ಟೂ ಗಾಳ ಚಿಕ್ಕದು, ಹೊಸಬರು ಮೊದಲು ಮುಗ್ಗರಿಸುವುದೇ ಇಲ್ಲಿ. ಹಿಡಿದ ಮೀನನ್ನು ಮರಳಿ ಬಿಡುವ ಇರಾದೆಯಿದ್ದರೆ ಮುಳ್ಳನ್ನು ಇಕ್ಕಳದಿಂದ ಮೊದಲೇ ಒತ್ತಿ ಚಪ್ಪಟೆ ಮಾಡಿ. ಗಾಳ ಮುರಿಯುವುದಿದ್ದರೆ ಆಗಲೇ ಮುರಿಯಲಿ, ಅರ್ಧ ಗಂಟೆ ಸುತ್ತಿ ಮುಗಿಸಿದ ಮೇಲೆ ಬೇಡ.

ದಾರ ಕಪ್ಪು ಅಥವಾ ಗಾಢ ಕಂದು, 140 ಡೆನಿಯರ್. ಡೆನಿಯರ್ ಎಂದರೆ 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. 70 ಡೆನಿಯರ್ ಇನ್ನೂ ನವಿರು, ಆದರೆ ಕಲಿಯುವವರ ಕೈಯಲ್ಲಿ ಬೇಗ ಹರಿಯುತ್ತದೆ.

ಮೊದಲು ಭಾರ

ಗರಿಯನ್ನು ಮಾಡಿರುವುದು ನಮ್ಮ ಉಗುರಿನ ಬಂಧುವಾದ ಕೆರಾಟಿನ್‌ನಿಂದ. ಅದರ ಸಾಂದ್ರತೆ ನೀರಿನ ಸುಮಾರು 1.3 ಪಟ್ಟು. ಲೆಕ್ಕದ ಪ್ರಕಾರ ಮುಳುಗಲೇಬೇಕು. ಆದರೆ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಮುಳುಗಲು ಬಿಡುವುದಿಲ್ಲ. ನಾನು ಕಟ್ಟಿದ ಮೊದಲ ಕ್ಯಾಡಿಸ್ ನೀರಿನ ಮೇಲೆ ಬೆಂಡಿನಂತೆ ತೇಲುತ್ತ ಹೋಯಿತು. ತಳದ ಹುಳ, ತೇಲುವ ಮನೆ. ಮೀನುಗಳು ಏನಂದುಕೊಂಡವೋ.

ಆದ್ದರಿಂದ ಗರಿಗೂ ಮೊದಲು ದಂಡಕ್ಕೆ ತಂತಿ ಸುತ್ತಬೇಕು. ಹಿಂದೆ ಸೀಸದ ತಂತಿಯೇ ರೂಢಿ, ಸಾಂದ್ರತೆ 11.3. ಆದರೆ ಸೀಸ ವಿಷ. ಕೆರೆ-ಹೊಳೆಗಳಲ್ಲಿ ಬಿದ್ದ ಸೀಸದ ಗುಂಡುಗಳನ್ನು ನುಂಗಿ ಹಂಸಗಳು ಸಾಯುತ್ತಿದ್ದ ಕಾರಣ ಬ್ರಿಟನ್ನಿನಲ್ಲಿ 1987ರಿಂದ ಗಾಳಕ್ಕೆ ಕಟ್ಟುವ ಬಹುತೇಕ ಗಾತ್ರದ ಸೀಸದ ಗುಂಡುಗಳ ಮಾರಾಟ ನಿಂತಿತು. ಈಗ ಸೀಸವಿಲ್ಲದ ತಂತಿ ಸಿಗುತ್ತದೆ. ಅಥವಾ ಕಣ್ಣಿನ ಹಿಂದೆ ಟಂಗ್‌ಸ್ಟನ್ ಮಣಿ ಪೋಣಿಸಬಹುದು. ಅದರ ಸಾಂದ್ರತೆ 19.3, ಸೀಸಕ್ಕಿಂತ ಬಹಳ ಹೆಚ್ಚು. ನಾನಂತೂ ತಂತಿಯೇ ಮೇಲೆನ್ನುತ್ತೇನೆ. ಮಣಿ ಇಟ್ಟರೆ ತಲೆ ಹೊಳೆಯುತ್ತದೆ, ಕ್ಯಾಡಿಸ್‌ನ ತಲೆ ಹೊಳೆಯುವುದಿಲ್ಲ.

ತಂತಿಯನ್ನು ಒತ್ತೊತ್ತಾಗಿ ಹನ್ನೆರಡು–ಹದಿನೈದು ಸುತ್ತು ಸುತ್ತಿ, ದಂಡದ ನಡುಭಾಗಕ್ಕೆ ತಳ್ಳಿ. ಕಣ್ಣಿನ ಹಿಂದೆ ದಂಡದ ಕಾಲು ಭಾಗ ಬರಿದಾಗಿರಲಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಹುಳದ ತಲೆ, ಕಾಲು, ಕತ್ತು ಎಲ್ಲವೂ ಆ ಚೂರು ಜಾಗದಲ್ಲೇ ಆಗಬೇಕು. ಮೇಲಿಂದ ದಾರವನ್ನು ಹಿಂದೆ ಮುಂದೆ ಓಡಿಸಿ ತಂತಿಯನ್ನು ಕೂರಿಸಿ, ಒಂದು ಹನಿ ವಾರ್ನಿಶ್ ಬಿಡಿ.

ಸುತ್ತುವುದು, ಬೋಳಿಸುವುದು

ಆಯ್ದ ಎರಡು–ಮೂರು ಗರಿಗಳ ಬುಡದ ತುಪ್ಪುಳ ಕಿತ್ತು ಹಾಕಿ. ತುದಿಗಳನ್ನು ಒಟ್ಟುಗೂಡಿಸಿ, ಬಾಗು ಶುರುವಾಗುವ ಕಡೆ ದಾರದಿಂದ ಬಿಗಿಯಿರಿ. ಜೊತೆಗೇ ಒಂದು ತೆಳು ತಾಮ್ರದ ತಂತಿಯನ್ನೂ ಕಟ್ಟಿ ಹಾಗೇ ಬಿಟ್ಟಿರಿ.

ಬುಡ ಕಟ್ಟದೆ ತುದಿಯನ್ನೇ ಏಕೆ ಕಟ್ಟುವುದು? ಗರಿಯ ತುದಿ ಸಪೂರ, ಬುಡ ದಪ್ಪ. ತುದಿಯಿಂದ ಶುರುಮಾಡಿ ಸುತ್ತಿದರೆ ಹಿಂದೆ ಸಪೂರ, ಮುಂದೆ ಅಗಲವಾದ ಆಕಾರ ತಾನಾಗಿಯೇ ಬರುತ್ತದೆ. ಚಿಕ್ಕವನಿದ್ದಾಗ ಕಟ್ಟಿದ ಭಾಗ ಹಿಂದೆ ಎಂದೆವಲ್ಲ, ಅದೇ ಇಲ್ಲಿ ಮೂಡುವುದು.

ದಾರವನ್ನು ಮುಂದಕ್ಕೆ ತಂದು, ಭಾರದ ತಂತಿಯ ಸುತ್ತು ಮುಗಿಯುವಲ್ಲಿ ತೂಗುಬಿಡಿ. ಈಗ ಗರಿಗಳ ಬುಡವನ್ನು ಚಿಮಟದಲ್ಲಿ ಕಚ್ಚಿಸಿ ಒಟ್ಟಿಗೆ ಸುತ್ತುತ್ತ ಬನ್ನಿ. ಸುತ್ತಿಗೆ ಸುತ್ತು ತಾಗಬೇಕು, ನಡುವೆ ಜಾಗ ಕಾಣಬಾರದು. ಪ್ರತಿ ಸುತ್ತಿನ ನಂತರ ಎಡಗೈ ಹೆಬ್ಬೆರಳು–ತೋರುಬೆರಳಿನಿಂದ ಎಳೆಗಳನ್ನು ಹಿಂದಕ್ಕೆ ಸವರಿ. ಸವರದಿದ್ದರೆ ಮುಂದಿನ ಸುತ್ತು ಹಿಂದಿನ ಎಳೆಗಳನ್ನು ಅಡಿಗೆ ಹಾಕಿ ಮಲಗಿಸುತ್ತದೆ. ಮಲಗಿದ ಎಳೆಗೆ ಕತ್ತರಿ ಸಿಗುವುದಿಲ್ಲ, ಅಲ್ಲಿ ಗೂಡಿನ ಮೇಲೆ ಬೋಳು ಮಚ್ಚೆ ಉಳಿಯುತ್ತದೆ. ಗರಿ ಅರ್ಧಕ್ಕೇ ಮುಗಿದರೆ ಗಾಬರಿ ಬೇಡ, ಅಲ್ಲೇ ಬಿಗಿದು ಇನ್ನೊಂದನ್ನು ಕಟ್ಟಿ ಮುಂದುವರಿಸಿ. ಬೋಳಿಸಿದ ಮೇಲೆ ಹೊಲಿಗೆ ಯಾರಿಗೂ ಕಾಣದು.

ಸುತ್ತಿ ಮುಗಿದ ಮೇಲೆ ಆ ತಾಮ್ರದ ತಂತಿಯನ್ನು ಗರಿಯ ಸುತ್ತಿಗೆ ಎದುರು ದಿಕ್ಕಿನಲ್ಲಿ ನಾಲ್ಕೈದು ಸುತ್ತು ದೂರದೂರವಾಗಿ ತನ್ನಿ. ಎಳೆಗಳ ನಡುವೆ ಬಾಚಣಿಗೆ ನುಸುಳಿಸಿದಂತೆ ಅತ್ತಿತ್ತ ಅಲುಗಿಸುತ್ತ ತಂದರೆ ಅವು ಮಲಗುವುದಿಲ್ಲ. ಟ್ರೌಟ್‌ನ ಹಲ್ಲು ಚಿಕ್ಕದಾದರೂ ಚೂಪು. ಗರಿಯ ದಂಟು ಒಂದು ಕಡೆ ತುಂಡಾದರೆ ಇಡೀ ಗೂಡು ಸ್ಪ್ರಿಂಗ್‌ನಂತೆ ಬಿಚ್ಚಿಹೋಗುತ್ತದೆ. ಅಡ್ಡಹಾದ ತಂತಿ ಪ್ರತಿ ಸುತ್ತನ್ನೂ ಒಂದೊಂದು ಕಡೆ ಒತ್ತಿ ಹಿಡಿದಿರುತ್ತದೆ. ತಂತಿಯ ತುದಿ ಬಿಗಿದು, ದಾರಕ್ಕೆ ಎರಡು ಅರೆಗಂಟು ಹಾಕಿ.

ಇನ್ನು ಕತ್ತರಿ. ತಲೆ ಕಟ್ಟುವ ಮೊದಲೇ ಬೋಳಿಸಬೇಕು, ಇಲ್ಲವಾದರೆ ಕಷ್ಟಪಟ್ಟು ಕಟ್ಟಿದ ಕಾಲುಗಳೂ ಕತ್ತರಿಯ ಬಾಯಿಗೆ ಹೋಗುತ್ತವೆ. ಕತ್ತರಿಯನ್ನು ದಂಡಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಮೊದಲು ಅಡಿಭಾಗ, ಗಾಳದ ಮೊನೆಯ ಕಡೆ, ದಂಡಕ್ಕೆ ಆದಷ್ಟು ಹತ್ತಿರ. ಅಡಿ ತುಂಬಿಕೊಂಡಿದ್ದರೆ ಮೊನೆಗೂ ದಂಡಕ್ಕೂ ನಡುವಿನ ಜಾಗ ಮುಚ್ಚಿಹೋಗಿ ಮೀನು ಕಚ್ಚಿದರೂ ಗಾಳ ಸಿಕ್ಕುವುದಿಲ್ಲ. ಆಮೇಲೆ ಎರಡು ಬದಿ, ಕೊನೆಗೆ ಮೇಲ್ಭಾಗ. ಕ್ಷೌರದಂತೆಯೇ ಇದೂ: ಒಂದೇ ಸಲಕ್ಕೆ ಬುಡಕ್ಕೆ ಹೋಗಬಾರದು. ಸ್ವಲ್ಪ ತೆಗೆದು, ಗಾಳ ತಿರುಗಿಸಿ, ನೋಡಿ, ಮತ್ತೆ ಸ್ವಲ್ಪ. ಕೊನೆಗೆ ಒಂದು–ಒಂದೂವರೆ ಮಿಲಿಮೀಟರ್ ಕೂಳೆ ಉಳಿದರೆ ಸರಿ. 10ನೇ ಅಳತೆಯ ಗಾಳದಲ್ಲಿ ಗೂಡಿನ ಬಾಯಿಯ ಅಗಲ ನಾಲ್ಕು ಮಿಲಿಮೀಟರ್‌ನ ಆಸುಪಾಸು ಬರಬೇಕು.

ಬೆರಳ ತುದಿಯಿಂದ ಹಿಂದಿನಿಂದ ಮುಂದಕ್ಕೆ ಸವರಿ ನೋಡಿ. ಎರಡು ದಿನದ ಗಡ್ಡ ಮುಟ್ಟಿದಂತೆ ಚುಚ್ಚಿದರೆ ಗೂಡು ಗೆದ್ದಿತು. ಅಲ್ಲೊಂದು ಇಲ್ಲೊಂದು ಎಳೆ ಉದ್ದ ಉಳಿದಿದ್ದರೆ ಇರಲಿ ಬಿಡಿ. ಹುಳವೂ ಅಂಚು ಸಮ ಮಾಡಿ ಕಟ್ಟುವುದಿಲ್ಲ, ಎಷ್ಟೋ ಗೂಡುಗಳಿಂದ ಉದ್ದನೆಯ ಕಡ್ಡಿಯೊಂದು ಹೊರಚಾಚಿರುತ್ತದೆ. ಹೊಸಬರ ಕೈಯಲ್ಲಿ ನಾನು ಕಾಣುವ ದೊಡ್ಡ ತಪ್ಪು ಅತಿಯಾದ ನೀಟುತನವೇ. ಎರಡನೇ ದೊಡ್ಡ ತಪ್ಪು ತೂಗುಬಿಟ್ಟ ದಾರವನ್ನೇ ಕತ್ತರಿಸಿಬಿಡುವುದು. ಅದಕ್ಕೇ ಮೊದಲೇ ಅರೆಗಂಟು ಹಾಕಿದ್ದು.

ಇಣುಕುವ ಹುಳ

ಉಳಿದ ಜಾಗದಲ್ಲಿ ಹುಳ. ಕೆನೆಬಣ್ಣದ ಅಥವಾ ತಿಳಿಹಸಿರು ಬಣ್ಣ ಹಾಕಿದ ಉಷ್ಟ್ರಪಕ್ಷಿ ಗರಿಯಿಂದ ಒಂದೇ ಒಂದು ಎಳೆ ಕಿತ್ತು, ಗೂಡಿನ ಬಾಯಿಗೆ ತಾಗಿದಂತೆ ಮೂರ್ನಾಲ್ಕು ಸುತ್ತು ಸುತ್ತಿ. ಜಿಪ್ಪಿಲ್ಲದ ಎಳೆಯಾದ್ದರಿಂದ ಅದು ಮೆತ್ತಗೆ ಉಬ್ಬಿ, ನೀರಿನಲ್ಲಿ ಉಸಿರಾಡುವಂತೆ ಅಲುಗುತ್ತದೆ. ಎರಡು ಮಿಲಿಮೀಟರ್ ಪಟ್ಟಿ ಸಾಕು. ನಿಜವಾದ ಹುಳದ ಬಿಳುಪು ಇಷ್ಟೊಂದು ಕಾಣುವುದು ಅಪರೂಪ. ಕಟ್ಟುವವರು ಬೇಕೆಂದೇ ಸ್ವಲ್ಪ ಹೆಚ್ಚು ತೋರಿಸುತ್ತಾರೆ, ಕಂದು ತಳದಲ್ಲಿ ಕಂದು ಗೂಡಿಗೆ ಮೀನಿನ ಕಣ್ಣು ಬೀಳಲಿ ಎಂದು.

ಕಾಲಿಗೆ ಹೇಂಟೆಯ ಕಂದು ಗರಿ, ಅಥವಾ ಕವುಜುಗ ಹಕ್ಕಿಯ ಚುಕ್ಕೆ ಗರಿ. ತುದಿಯಿಂದ ಕಟ್ಟಿ, ಒಂದೇ ಒಂದು ಸುತ್ತು. ಎರಡು ಸುತ್ತಾದರೆ ಕಾಲಲ್ಲ, ಗಡ್ಡ ಆಗುತ್ತದೆ. ಎಳೆಗಳು ಗೂಡಿನ ನಡುಭಾಗ ದಾಟದಷ್ಟು ಚಿಕ್ಕ ಗರಿ ಆರಿಸಿಕೊಳ್ಳಿ. ಮೇಲ್ಭಾಗದ ಎಳೆಗಳನ್ನು ಕತ್ತರಿಸಿ, ಅಡಿಯಲ್ಲಿ ಎಡಕ್ಕೆ ಬಲಕ್ಕೆ ಹಂಚಿದಂತೆ ಉಳಿಸಿದರೆ ಸಾಕು. ಆರನ್ನು ಎಣಿಸಿ ಕೂರಬೇಕಿಲ್ಲ.

ತಲೆಗೆ ಕಪ್ಪು ಉಷ್ಟ್ರಪಕ್ಷಿ ಎಳೆ ಎರಡು ಸುತ್ತು. ನವಿಲುಗರಿಯ ಎಳೆಯನ್ನೂ ಕೆಲವರು ಬಳಸುತ್ತಾರೆ. ಅದರ ಹೊಳಪು ಬಣ್ಣದ್ದಲ್ಲ, ಎಳೆಯೊಳಗಿನ ಅತಿಸೂಕ್ಷ್ಮ ಕಣಗಳ ಜೋಡಣೆ ಬೆಳಕನ್ನು ಆಟವಾಡಿಸುವುದರಿಂದ ಬಂದದ್ದು. ನೋಡಲು ಚೆಂದ, ಆದರೆ ಬೇಗ ಹರಿಯುತ್ತದೆ. ಬಳಸುವುದಾದರೆ ದಾರದ ಜೊತೆ ಹುರಿ ಮಾಡಿ ಸುತ್ತಬೇಕು. ಕಣ್ಣಿನ ಹಿಂದೆ ದಾರವನ್ನು ತನ್ನ ಮೇಲೆಯೇ ನಾಲ್ಕೈದು ಸಲ ಸುತ್ತಿ ಎಳೆದು ಗಂಟು ಮುಗಿಸಿ, ಸೂಜಿ ಮೊನೆಯಲ್ಲಿ ಒಂದು ಹನಿ ವಾರ್ನಿಶ್ ಇಡಿ. ಕಣ್ಣಿನ ತೂತಿಗೆ ವಾರ್ನಿಶ್ ಇಳಿದಿದ್ದರೆ ಒಣಗುವ ಮೊದಲೇ ಒಂದು ಗರಿಯ ಎಳೆ ತೂರಿಸಿ ಒರೆಸಿಬಿಡಿ. ಹೊಳೆಯ ದಡದಲ್ಲಿ ನಿಂತಾಗ ಈ ಮಾತು ನೆನಪಾಗುತ್ತದೆ.

ನೀರಿಗೆ ಬಿಟ್ಟಾಗ

ಮೊದಲ ಪರೀಕ್ಷೆ ಮನೆಯಲ್ಲೇ, ಒಂದು ಲೋಟ ನೀರಿನಲ್ಲಿ. ಬಿಟ್ಟ ಕೂಡಲೇ ಒಂದು ಕ್ಷಣ ತಡೆದು ನಿಂತರೆ ಅದು ಕೂಳೆಯ ನಡುವಿನ ಗಾಳಿಯ ಕಾರಣ. ನೀರೊಳಗೇ ಎರಡು ಬೆರಳಲ್ಲಿ ಒತ್ತಿ. ಬುಳಬುಳನೆ ಗುಳ್ಳೆ ಏಳುತ್ತವೆ. ಈಗ ಬಿಟ್ಟರೆ ನೆಟ್ಟಗೆ ತಳಕ್ಕೆ ಹೋಗಬೇಕು. ಆಗಲೂ ತೇಲಿದರೆ ಅದನ್ನು ಪಕ್ಕಕ್ಕಿಟ್ಟು, ಮುಂದಿನದಕ್ಕೆ ತಂತಿಯ ಸುತ್ತು ಹೆಚ್ಚಿಸಿ. ಹೊಳೆಯಲ್ಲೂ ಮೊದಲ ಎಸೆತಕ್ಕೆ ಮುನ್ನ ಹೀಗೆಯೇ ಹಿಂಡಿ ತೋಯಿಸಬೇಕು.

ಗೂಡಿನ ಹುಳ ಸಾಮಾನ್ಯವಾಗಿ ಈಜುವುದಿಲ್ಲ. ತೆವಳುತ್ತದೆ. ಮಳೆಗೆ ನೀರು ಏರಿದಾಗಲೋ, ಕಾಲಡಿಯ ಕಲ್ಲು ಮಗುಚಿದಾಗಲೋ ಹಿಡಿತ ತಪ್ಪಿ ಹರಿವಿನ ಜೊತೆ ಉರುಳುತ್ತದೆ. ಫ್ಲೈಯೂ ಹಾಗೆಯೇ ಸಾಗಬೇಕು: ಹರಿವಿಗೆ ಎದುರಾಗಿ, ಓರೆಯಾಗಿ ಮೇಲ್ಗಡೆಗೆ ಎಸೆದು, ಎಳೆಯದೆ, ನೀರು ಒಯ್ದಂತೆ ತಳ ಸವರಿಕೊಂಡು ಬರಲು ಬಿಡುವುದು. ದಾರ ನೀರಿನ ವೇಗಕ್ಕೆ ಬಿಗಿಯಾದರೆ ಫ್ಲೈ ಮೇಲೆದ್ದು ಅಡ್ಡ ಓಡುತ್ತದೆ. ಅಡ್ಡ ಓಡುವ ಗೂಡನ್ನು ಯಾವ ಟ್ರೌಟೂ ಕಂಡಿಲ್ಲ.

ಕಚ್ಚಿದಾಗ ಜಗ್ಗಿದ ಅನುಭವವೇನೂ ಆಗುವುದಿಲ್ಲ. ಹರಿಯುತ್ತಿದ್ದ ದಾರ ಅರೆಕ್ಷಣ ನಿಂತಂತೆ ಅನ್ನಿಸುತ್ತದೆ, ಅಷ್ಟೆ. ಮೀನು ಗೂಡನ್ನು ಬಾಯಿಗೆ ಹಾಕಿಕೊಂಡು, ಮೋಸ ತಿಳಿದೊಡನೆ ಉಗುಳುತ್ತದೆ. ನಿಂತಿತು ಅನ್ನಿಸಿದ ಕ್ಷಣವೇ ಕೋಲಿನ ತುದಿ ಎತ್ತಬೇಕು. ಅರ್ಧಕ್ಕರ್ಧ ಸಲ ಅದು ಕಲ್ಲೇ ಆಗಿರುತ್ತದೆ. ಆದರೂ ಎತ್ತಿ.